ಅಪಘಾತ ಪರಿಹಾರದ ಕೇಸಿಗೆ ಆಸ್ಪತ್ರೆ ಬಿಲ್ಲು ಜೋಡಿಸುವುದು ಹೇಗೆ? ಮೈಸೂರು, ಮಂಡ್ಯದವರಿಗೆ ಹಂತ ಹಂತದ ಮಾರ್ಗದರ್ಶಿ

ಆಸ್ಪತ್ರೆಗೆ ಮೂರು ಲಕ್ಷ ಕಟ್ಟಿದ್ದೆವು, ಕೋರ್ಟು ಒಂದೂವರೆಯನ್ನೇ ಒಪ್ಪಿತು. ಎಂವಿಸಿ ಕೇಸು, ಅಂದರೆ ವಾಹನ ಅಪಘಾತದ ಪರಿಹಾರದ ಕೇಸು, ನಡೆಸಿದವರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ದುಡ್ಡು ನಿಜಕ್ಕೂ ಖರ್ಚಾಗಿರುತ್ತದೆ, ಗಾಯವೂ ನಿಜ. ಆದರೆ ಕಡತದಲ್ಲಿ ಒಂದು ಪ್ಲಾಸ್ಟಿಕ್ ಕವರಿನ ತುಂಬ ಚೀಟಿಗಳಿರುತ್ತವೆ. ಯಾವುದು ಯಾವ ಗಾಯಕ್ಕೆ, ಯಾವ ದಿನ, ಯಾರು ಕಟ್ಟಿದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಸರಿಮಾಡಲು ಕಾನೂನು ಓದಿರಬೇಕಾಗಿಲ್ಲ. ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಮಾಡಿದರೆ ಸಾಕು.

ಇಲ್ಲಿ ಹೇಳುವುದು ರಸ್ತೆ ಅಪಘಾತದಲ್ಲಿ ಬೇರೆಯವರ ವಾಹನದಿಂದ ಗಾಯವಾದವರು 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅಡಿ ಹಾಕುವ ಕೇಸುಗಳ ಬಗ್ಗೆ.

## ಮೊದಲು ಇದು ಗೊತ್ತಿರಲಿ: ಬಿಲ್ಲಿನಿಂದ ಏನೇನು ಬರುತ್ತದೆ

ಬಿಲ್ಲಿನ ಮೂರು ಪಟ್ಟು ಪರಿಹಾರ ಸಿಗುತ್ತದೆ ಎಂಬ ಮಾತು ಊರೂರಲ್ಲಿ ಓಡಾಡುತ್ತದೆ. ಅಂಥ ಲೆಕ್ಕ ನಮ್ಮ ಕಾನೂನಿನಲ್ಲಿ ಇಲ್ಲ. ಬಿಲ್ಲಿಗೆ ಬಿಲ್ಲಿನಷ್ಟೇ ಸಿಗುತ್ತದೆ, ಅದೂ ಸಾಬೀತಾದಷ್ಟು ಮಾತ್ರ.

ಪರಿಹಾರವನ್ನು ಬೇರೆ ಬೇರೆ ಬಾಬ್ತಿನಲ್ಲಿ ಲೆಕ್ಕ ಹಾಕುತ್ತಾರೆ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇವನ್ನು ಬಿಡಿಸಿ ಹೇಳಿದೆ: ಚಿಕಿತ್ಸೆ, ಔಷಧಿ, ಓಡಾಟ, ಪೌಷ್ಟಿಕ ಆಹಾರದ ಖರ್ಚು, ಮಲಗಿದ್ದಾಗ ತಪ್ಪಿದ ದುಡಿಮೆ, ಕಾಯಂ ಅಂಗವೈಕಲ್ಯದಿಂದ ಮುಂದೆ ತಪ್ಪುವ ದುಡಿಮೆ, ಮುಂದಿನ ಚಿಕಿತ್ಸೆಯ ಖರ್ಚು, ನೋವು ಮತ್ತು ಯಾತನೆ, ಜೀವನದ ಸುಖ, ಅನುಕೂಲಗಳ ನಷ್ಟ.

ಬಿಲ್ಲಿನ ಹಣ ಸೇರುವುದು ಮೊದಲನೆಯ ಬಾಬ್ತಿಗೆ. ಆದರೆ ಬಿಲ್ಲಿನ ಮೇಲಿರುವ ತಾರೀಖು, ಔಷಧಿಯ ಹೆಸರು, ಆಪರೇಷನ್ನಿನ ವಿವರ ಉಳಿದ ಬಾಬ್ತುಗಳಿಗೆಲ್ಲ ಸಾಕ್ಷಿಯಾಗುತ್ತವೆ. ಎಷ್ಟು ದಿನ ಒಳರೋಗಿಯಾಗಿದ್ದಿರಿ, ಎಷ್ಟು ತಿಂಗಳು ತೋರಿಸಿಕೊಳ್ಳಲು ಹೋಗಿದ್ದಿರಿ ಎಂಬುದರಿಂದಲೇ ಕೋರ್ಟು ದುಡಿಮೆ ನಿಂತ ಅವಧಿ ಮತ್ತು ನೋವಿನ ಪ್ರಮಾಣವನ್ನು ಅಂದಾಜು ಮಾಡುತ್ತದೆ. ಅದಕ್ಕೇ 40 ರೂಪಾಯಿ ಮಾತ್ರೆಯ ಬಿಲ್ಲನ್ನೂ ಬಿಸಾಡಬೇಡಿ. ಅಪಘಾತವಾಗಿ ಐದು ತಿಂಗಳಾದ ಮೇಲೂ ನೋವಿನ ಮಾತ್ರೆ ತಗೊಳ್ಳುತ್ತಿದ್ದಿರಿ ಅನ್ನುವುದಕ್ಕೆ ಅದೇ ದಾಖಲೆ.

## ಕೈಯಲ್ಲಿರಬೇಕಾದ ಸಾಮಾನು

ಒಂದು ಬಾಕ್ಸ್ ಫೈಲ್, ಬಿಳಿ ಎ4 ಹಾಳೆ, ಸ್ಟೇಪ್ಲರ್, ಗೆರೆ ಹಾಕಿದ ನೋಟ್‌ಬುಕ್, ಫೋಟೋ ತೆಗೆಯಲು ಬರುವ ಫೋನು. ಮನೆಯಲ್ಲಿ ಒಬ್ಬರೇ ಈ ಫೈಲಿನ ಜವಾಬ್ದಾರಿ ತಗೊಳ್ಳಲಿ. ಅಣ್ಣನ ಹತ್ತಿರ ನಾಲ್ಕು, ಭಾವನ ಜೇಬಿನಲ್ಲಿ ಎರಡು ಅಂತಾದರೆ ಕೊನೆಗೆ ಯಾವುದೂ ಸಿಗುವುದಿಲ್ಲ.

## ಹಂತ 1: ಆಸ್ಪತ್ರೆಗೆ ಕಾಲಿಟ್ಟ ಮೊದಲ ಗಂಟೆ

ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ, ಮಂಡ್ಯದ ಮಿಮ್ಸ್ ಆಗಲಿ, ಖಾಸಗಿ ಆಸ್ಪತ್ರೆಯಾಗಲಿ, ಅಪಘಾತದ ಗಾಯವನ್ನು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ ಲೀಗಲ್ ಕೇಸು) ಎಂದು ನೋಂದಾಯಿಸಬೇಕು. ದಾಖಲಿಸುವಾಗಲೇ ಕೇಳಿ ಖಚಿತ ಮಾಡಿಕೊಳ್ಳಿ. ಆ ನಂಬರು ಬರೆದಿಟ್ಟುಕೊಳ್ಳಿ.

ಗಾಯ ಹೇಗಾಯಿತು ಅಂತ ಡ್ಯೂಟಿ ಡಾಕ್ಟರು ಕೇಳಿ ಬರೆದುಕೊಳ್ಳುತ್ತಾರೆ. ಕೇಸುಗಳು ಬೀಳುವುದು ಹೆಚ್ಚಾಗಿ ಈ ಒಂದು ಸಾಲಿನಿಂದಲೇ. ಗಾಯಾಳುವನ್ನು ಕರೆತಂದವರು ಗಾಬರಿಯಲ್ಲಿ ಬೈಕಿನಿಂದ ಬಿದ್ದ ಅಂದುಬಿಡುತ್ತಾರೆ. ಕಾರು ಗುದ್ದಿದ್ದನ್ನು ಹೇಳುವುದೇ ಇಲ್ಲ. ಆಮೇಲೆ ವಿಮಾ ಕಂಪನಿಯ ವಕೀಲರು ಆಸ್ಪತ್ರೆಯವರು ಚಿಕಿತ್ಸೆಯ ವಿವರ ಬರೆದಿಟ್ಟ ಕೇಸ್ ಶೀಟ್ ತೆಗೆದು, ಈತ ತಾನೇ ಬಿದ್ದದ್ದು, ಕಾರನ್ನು ನಂತರ ಸೇರಿಸಿದ್ದಾರೆ ಎಂದು ವಾದ ಮಾಡುತ್ತಾರೆ. ಆಗ ಬಿಲ್ಲು ಎಷ್ಟೇ ಚೆನ್ನಾಗಿ ಜೋಡಿಸಿದ್ದರೂ ಪ್ರಯೋಜನವಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳಿ: ಎಲ್ಲಿ, ಎಷ್ಟು ಹೊತ್ತಿಗೆ, ಯಾವ ವಾಹನ. ನಿಜಕ್ಕೂ ತಾನೇ ಬಿದ್ದಿದ್ದರೆ ಬೇರೆ ವಾಹನದ ಹೆಸರು ಹೇಳಬೇಡಿ. ಅದು ಅಪರಾಧ, ಮತ್ತು ಸಿಕ್ಕಿಬೀಳುವುದು ಬಹಳ ಸುಲಭ.

ಅದೇ ದಿನ, ಆಗದಿದ್ದರೆ ಮಾರನೇ ದಿನ, ಮನೆಯವರಲ್ಲಿ ಒಬ್ಬರು ಠಾಣೆಗೆ ಹೋಗಿ ದೂರು ಕೊಡಲಿ. ತಡವಾದರೆ ಯಾಕೆ ತಡವಾಯಿತು ಅಂತ ದೂರಿನಲ್ಲೇ ಬರೆಸಿ.

## ಹಂತ 2: ಬಿಲ್ಲು ಕೈಗೆ ಬಂದ ಕೂಡಲೇ

ಕೌಂಟರ್ ಬಿಟ್ಟು ಬರುವ ಮುಂಚೆ ಐದು ಸಂಗತಿ ನೋಡಿ: ರೋಗಿಯ ಪೂರ್ತಿ ಹೆಸರು, ತಾರೀಖು, ಬಿಲ್ ನಂಬರು, ಯಾವುದಕ್ಕೆ ಎಂಬ ವಿವರ, ಹಣ ಸಂದಿದೆ ಎಂಬ ಗುರುತು. ಎಫ್‌ಐಆರ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಬಿಲ್ಲಿನಲ್ಲಿ ಮನೆಯಲ್ಲಿ ಕರೆಯುವ ಹೆಸರು ಇದ್ದರೆ ಮುಂದೆ ತೊಂದರೆ. ಮೆಡಿಕಲ್ ಸ್ಟೋರಿನಲ್ಲಿ ಹೆಸರು ಬರೆಯದೆ ಬರೀ ಕ್ಯಾಶ್ ಎಂದು ಬಿಲ್ ಕೊಟ್ಟರೆ ಅಲ್ಲೇ ಸರಿಮಾಡಿಸಿಕೊಳ್ಳಿ.

ಔಷಧಿ ಬಿಲ್ಲಿನ ಜೊತೆ ಡಾಕ್ಟರ್ ಚೀಟಿ ಇರಲೇಬೇಕು. ಅಂಗಡಿಯವರು ಚೀಟಿ ಇಟ್ಟುಕೊಳ್ಳುತ್ತೇವೆ ಅಂದರೆ ಮೊದಲು ಫೋಟೋ ತೆಗೆದುಕೊಳ್ಳಿ. ಚೀಟಿ ಇಲ್ಲದ ಬಿಲ್ಲು ಯಾರ ಔಷಧಿಗೆ, ಯಾವ ಕಾಯಿಲೆಗೆ ಅಂತ ತೋರಿಸುವುದಿಲ್ಲ. ಅಪಘಾತಕ್ಕೆ ಮುಂಚಿನಿಂದಲೂ ತಗೊಳ್ಳುತ್ತಿದ್ದ ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗಳನ್ನು ಇದರಲ್ಲಿ ಸೇರಿಸಬೇಡಿ. ಪಾಟಿ ಸವಾಲಿನಲ್ಲಿ (ಎದುರು ವಕೀಲರು ಪ್ರಶ್ನೆ ಕೇಳುವಾಗ) ಅಂಥ ಒಂದು ಬಿಲ್ಲು ಸಿಕ್ಕರೆ ಉಳಿದ ಬಿಲ್ಲುಗಳ ಮೇಲೂ ಅನುಮಾನ ಬರುತ್ತದೆ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಮೆಡಿಕಲ್ ಸ್ಟೋರಿನ ಮಿಷಿನ್ನಿಂದ ಬರುವ ನುಣುಪು ಕಾಗದದ ಬಿಲ್ಲಿನಲ್ಲಿ ಇಂಕು ಇರುವುದಿಲ್ಲ, ಅಕ್ಷರ ಮೂಡುವುದು ಶಾಖದಿಂದ. ಬಿಸಿಲು, ಬಿಸಿ, ಪ್ಲಾಸ್ಟಿಕ್ ಕವರು ತಗುಲಿದರೆ ಕೆಲವೇ ತಿಂಗಳಲ್ಲಿ ಅದು ಬರೀ ಬಿಳಿ ಚೂರಾಗುತ್ತದೆ. ಸಾಕ್ಷ್ಯಕ್ಕೆ ನಿಲ್ಲುವ ಹೊತ್ತಿಗೆ ವರ್ಷ ಕಳೆದಿರುತ್ತದೆ, ಅಲ್ವಾ? ಹಾಗಾಗಿ ತಂದ ದಿನವೇ ಜೆರಾಕ್ಸ್ ಮಾಡಿಸಿ, ಅಸಲನ್ನು ಅದರ ಹಿಂದಕ್ಕೆ ಪಿನ್ ಹಾಕಿ. ಅಂಟು ಬಳಿಯಬೇಡಿ, ಅಂಟಿನಿಂದಲೂ ಅಕ್ಷರ ಹೋಗುತ್ತದೆ.

ದೊಡ್ಡ ಮೊತ್ತವನ್ನು ಸಾಧ್ಯವಾದಷ್ಟು ಯುಪಿಐ, ಕಾರ್ಡು ಅಥವಾ ಬ್ಯಾಂಕ್ ಮೂಲಕವೇ ಕಟ್ಟಿ. ಸಾಲ ಮಾಡಿ ನಗದು ಕಟ್ಟಿದ್ದರೆ ರಸೀದಿಯನ್ನು ಇನ್ನೂ ಜೋಪಾನ ಮಾಡಿ.

## ಹಂತ 3: ಡಿಸ್‌ಚಾರ್ಜ್ ದಿನ ತಗೊಂಡು ಬರಬೇಕಾದವು

ಮನೆಗೆ ಹೋಗುವ ಅವಸರದಲ್ಲಿ ಎಲ್ಲರೂ ಎಡವುವುದು ಇಲ್ಲೇ. ಡಿಸ್‌ಚಾರ್ಜ್ ಸಮ್ಮರಿ, ವಿವರ ಇರುವ ಅಂತಿಮ ಬಿಲ್ಲು, ಕಟ್ಟಿದ ಎಲ್ಲ ರಸೀದಿ, ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ಫಿಲ್ಮು, ಅವುಗಳ ರಿಪೋರ್ಟು, ರಾಡು ಅಥವಾ ಪ್ಲೇಟು ಹಾಕಿದ್ದರೆ ಅದರ ಸ್ಟಿಕ್ಕರು ಇರುವ ಹಾಳೆ. ಒಂದೇ ಸಾಲಿನಲ್ಲಿ ಒಟ್ಟು ಮೊತ್ತ ಬರೆದ ಬಿಲ್ಲು ಸಾಲದು. ವಾರ್ಡು, ಆಪರೇಷನ್, ಔಷಧಿ, ಲ್ಯಾಬು ಬೇರೆ ಬೇರೆ ಕಾಣಬೇಕು. ಅಂದಾಜು ಪಟ್ಟಿ ಕೊಟ್ಟು ಇದೇ ಬಿಲ್ಲು ಅಂದರೆ ಒಪ್ಪಬೇಡಿ.

ಕೇಸ್ ಶೀಟಿನ ನಕಲಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ರೋಗಿ ಕೇಳಿದ 72 ಗಂಟೆಯೊಳಗೆ ವೈದ್ಯರು ದಾಖಲೆ ಒದಗಿಸಬೇಕು. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟಿರಬೇಕು. ಮೂರು ವರ್ಷ ದಾಟಿದ ಮೇಲೆ ಹೋಗಿ ಕೇಳಿದರೆ ಸಿಗುತ್ತದೆಂಬ ಭರವಸೆ ಇಲ್ಲ. ಗಾಯದ ಪ್ರಮಾಣಪತ್ರ ಪೊಲೀಸರ ಮೂಲಕ ಹೋಗುತ್ತದೆ, ಅದರ ನಕಲನ್ನು ಠಾಣೆಯಿಂದಲೋ ಕೋರ್ಟಿನಿಂದಲೋ ಆಮೇಲೆ ಪಡೆಯಬಹುದು.

ಡಾಕ್ಟರು ಬೇಡ ಅಂದರೂ ಸಹಿ ಹಾಕಿ ಬಿಡಿಸಿಕೊಂಡು ಹೋಗಿ ಪುತ್ತೂರು ಕಟ್ಟು ಕಟ್ಟಿಸುವ ರೂಢಿ ನಮ್ಮ ಕಡೆ ಜಾಸ್ತಿ. ಪರಿಹಾರದ ದೃಷ್ಟಿಯಿಂದ ಇದರಲ್ಲಿ ಎರಡು ಪೆಟ್ಟಿದೆ. ಖರ್ಚಿಗೆ ರಸೀದಿ ಇರುವುದಿಲ್ಲ. ಮೂಳೆ ವಕ್ರವಾಗಿ ಕೂಡಿದರೆ, ಇದು ಅಪಘಾತದ ವೈಕಲ್ಯವಲ್ಲ, ಚಿಕಿತ್ಸೆ ಬಿಟ್ಟಿದ್ದರಿಂದ ಆದದ್ದು ಎಂದು ವಿಮಾ ಕಂಪನಿ ವಾದ ಮಾಡುತ್ತದೆ. ದುಡ್ಡಿಲ್ಲದೆ ಖಾಸಗಿ ಆಸ್ಪತ್ರೆ ಬಿಡಬೇಕಾಗಿ ಬಂದರೆ ಸರ್ಕಾರಿ ಆಸ್ಪತ್ರೆಗೆ ಕಳಿಸಿ ಎಂದು ಕೇಳಿ, ಶಿಫಾರಸು ಪತ್ರ ಬರೆಸಿಕೊಂಡು ಹೋಗಿ. ಆಗ ಚಿಕಿತ್ಸೆಯ ದಾಖಲೆ ಮಧ್ಯದಲ್ಲಿ ಕಡಿಯುವುದಿಲ್ಲ.

## ಹಂತ 4: ಪಟ್ಟಿ ಮಾಡುವುದು, ಒಂದೇ ದುಡ್ಡನ್ನು ಎರಡು ಸಲ ಕೂಡದಿರುವುದು

ನೋಟ್‌ಬುಕ್ಕಿನಲ್ಲಿ ಆರು ಅಂಕಣ ಎಳೆಯಿರಿ: ಕ್ರಮ ಸಂಖ್ಯೆ, ತಾರೀಖು, ಆಸ್ಪತ್ರೆ ಅಥವಾ ಅಂಗಡಿ, ಬಿಲ್ ನಂಬರು, ಯಾವುದಕ್ಕೆ, ಮೊತ್ತ. ತಾರೀಖಿನ ಕ್ರಮದಲ್ಲೇ ಬರೆಯಿರಿ. ಅದೇ ಕ್ರಮ ಸಂಖ್ಯೆಯನ್ನು ಬಿಲ್ಲಿನ ಜೆರಾಕ್ಸ್ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಹಾಕಿ. ಅಸಲಿನ ಮೇಲೆ ಏನೂ ಗೀಚಬೇಡಿ.

ಅತಿ ಹೆಚ್ಚು ಕಾಣುವ ತಪ್ಪು ಮುಂಗಡದ ರಸೀದಿಗಳದು. ಒಂದು ಉದಾಹರಣೆ ನೋಡಿ. ದಾಖಲಾದ ದಿನ 50,000 ಕಟ್ಟಿದಿರಿ. ಆಪರೇಷನ್ನಿನ ಹಿಂದಿನ ದಿನ 30,000. ಅಂತಿಮ ಬಿಲ್ಲು 1,42,000 ಬಂತು. ಮುಂಗಡ ಕಳೆದು ಉಳಿದ 62,000 ಕಟ್ಟಿ ರಸೀದಿ ಪಡೆದಿರಿ. ಈಗ ನಿಮ್ಮ ಕೈಯಲ್ಲಿ ನಾಲ್ಕು ಕಾಗದ ಇವೆ. ನಾಲ್ಕನ್ನೂ ಕೂಡಿದರೆ 2,84,000 ಆಗುತ್ತದೆ. ಖರ್ಚಾಗಿದ್ದು 1,42,000 ಮಾತ್ರ! ಬೇಕೆಂದೇ ಮಾಡಿದ್ದಲ್ಲದಿದ್ದರೂ ಕೋರ್ಟಿನ ಕಣ್ಣಿಗೆ ಇದು ಮೋಸದ ಹಾಗೆ ಕಾಣಬಹುದು. ಪಟ್ಟಿಯಲ್ಲಿ ಅಂತಿಮ ಬಿಲ್ಲನ್ನು ಒಮ್ಮೆ ಬರೆಯಿರಿ. ಮೂರು ರಸೀದಿಗಳನ್ನು ಅದರ ಕೆಳಗೆ, ಕಟ್ಟಿದ್ದಕ್ಕೆ ಪುರಾವೆ ಎಂದು ಜೋಡಿಸಿ, ಮೊತ್ತದ ಅಂಕಣದಲ್ಲಿ ಏನೂ ಬರೆಯಬೇಡಿ.

ಆಸ್ಪತ್ರೆಯ ಒಳಗಿನ ಔಷಧಿ ಅಂಗಡಿಯ ಬಿಲ್ಲುಗಳದ್ದೂ ಇದೇ ಕತೆ. ಕೆಲವು ಕಡೆ ಅವು ಅಂತಿಮ ಬಿಲ್ಲಿನೊಳಗೇ ಸೇರಿರುತ್ತವೆ, ಕೆಲವು ಕಡೆ ಬೇರೆ. ಡಿಸ್‌ಚಾರ್ಜ್ ದಿನವೇ ಬಿಲ್ಲಿಂಗ್‌ನವರನ್ನು ಕೇಳಿ ತಿಳಿದುಕೊಳ್ಳಿ.

ಓಡಾಟದ ಖರ್ಚಿಗೆ ಪ್ರತಿ ಸಲ ರಸೀದಿ ಸಿಗುವುದಿಲ್ಲ. ಪಾಂಡವಪುರದ ಹಳ್ಳಿಯಿಂದ ಮೈಸೂರಿಗೆ ಡ್ರೆಸ್ಸಿಂಗ್‌ಗೆ ಆಟೋದಲ್ಲಿ ಬಂದರೆ ಬಿಲ್ ಯಾರು ಕೊಡುತ್ತಾರೆ? ತಾರೀಖು, ಎಲ್ಲಿಂದ ಎಲ್ಲಿಗೆ, ಕೊಟ್ಟ ಬಾಡಿಗೆ ಇಷ್ಟನ್ನು ಅಂದಂದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆ ದಿನದ ಒಪಿಡಿ ಚೀಟಿ ಜೊತೆಗಿದ್ದರೆ ಅದಕ್ಕೆ ಬೆಲೆ ಬರುತ್ತದೆ. ಆಹಾರ, ನೋಡಿಕೊಂಡವರ ಖರ್ಚು, ಓಡಾಟ ಇವಕ್ಕೆ ಕೋರ್ಟು ಸಾಮಾನ್ಯವಾಗಿ ಒಂದು ಒಟ್ಟು ಮೊತ್ತ ಕೊಡುತ್ತದೆ. ಆ ಮೊತ್ತ ಸ್ವಲ್ಪ ಮೇಲೇರಲು ಈ ಬರಹ ನೆರವಾಗುತ್ತದೆ.

## ಹಂತ 5: ಬಿಲ್ಲನ್ನು ಬೇರೆ ಯಾರೋ ಕಟ್ಟಿದ್ದರೆ

ಆಯುಷ್ಮಾನ್ ಕಾರ್ಡಿನಲ್ಲಿ ಚಿಕಿತ್ಸೆ ಆಗಿದ್ದರೆ ಆ ಹಣ ನಿಮ್ಮ ಜೇಬಿನಿಂದ ಹೋಗಿಲ್ಲ, ಅದನ್ನು ಕೇಳುವ ಹಾಗಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ಕ್ಯಾಶ್‌ಲೆಸ್ ಯೋಜನೆಯಲ್ಲೂ ಹಾಗೇ. ಆ ಯೋಜನೆಯಲ್ಲಿ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನದವರೆಗೆ, ಒಬ್ಬರಿಗೆ 1.5 ಲಕ್ಷದವರೆಗೆ ಚಿಕಿತ್ಸೆ ಇದೆ. ದಾಖಲಾಗುವಾಗ ಈ ಯೋಜನೆ ಇಲ್ಲಿ ಇದೆಯಾ ಅಂತ ಕೇಳಿ.

ಬಿಲ್ಲೇ ಇಲ್ಲವಲ್ಲ, ಕೇಸು ಹಾಕಿ ಏನು ಪ್ರಯೋಜನ ಎಂದು ಎಷ್ಟೋ ಬಡವರು ಸುಮ್ನೆ ಇದ್ದುಬಿಡುತ್ತಾರೆ. ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಆಪರೇಷನ್ ಆದವರ ಕಾಲೂ ಮುರಿದಿರುತ್ತದೆ, ದುಡಿಮೆಯೂ ನಿಂತಿರುತ್ತದೆ. ಚಿಕಿತ್ಸೆಯ ಬಾಬ್ತು ಒಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಅವರಿಗೂ ಹಕ್ಕಿದೆ. ಡಿಸ್‌ಚಾರ್ಜ್ ಸಮ್ಮರಿ ಮತ್ತು ಒಪಿಡಿ ಚೀಟಿಗಳೇ ಅವರ ಆಧಾರ.

ಸ್ವಂತ ಮೆಡಿಕ್ಲೇಮ್ (ಆರೋಗ್ಯ ವಿಮೆ) ಇದ್ದವರಿಗೆ ತೊಡಕು ಬೇರೆ. ಅದರಿಂದ ಬಂದ ಹಣವನ್ನು ಚಿಕಿತ್ಸೆಯ ಬಾಬ್ತಿನಲ್ಲಿ ಕಳೆಯಬೇಕು ಎಂದು ಕರ್ನಾಟಕ ಹೈಕೋರ್ಟ್ ಹೇಳಿದೆ. ಕಳೆಯಬಾರದು ಎಂದು ಬಾಂಬೆ ಹೈಕೋರ್ಟಿನ ಪೂರ್ಣ ಪೀಠ 2025ರಲ್ಲಿ ಹೇಳಿದೆ. ನಮ್ಮ ಕೋರ್ಟುಗಳು ನಮ್ಮ ಹೈಕೋರ್ಟಿನ ಮಾತಿನಂತೆ ನಡೆಯುತ್ತವೆ. ಹಾಗಾಗಿ ಬಿಲ್ಲು 1,80,000 ಇದ್ದು ಮೆಡಿಕ್ಲೇಮ್ 1,45,000 ಕೊಟ್ಟಿದ್ದರೆ, ಉಳಿದ 35,000ವನ್ನು ಗಟ್ಟಿಯಾಗಿ ಸಾಬೀತು ಮಾಡಲು ತಯಾರಿರಿ. ಮೆಡಿಕ್ಲೇಮ್ ಪಡೆದದ್ದನ್ನು ಮುಚ್ಚಿಡಬೇಡಿ. ಅಸಲು ಬಿಲ್ಲುಗಳನ್ನು ಮೆಡಿಕ್ಲೇಮ್ ಕಂಪನಿ ತಗೊಂಡಿದ್ದರೆ, ದೃಢೀಕರಿಸಿದ ನಕಲು ಮತ್ತು ಎಷ್ಟು ಮಂಜೂರಾಯಿತು, ಎಷ್ಟು ತಿರಸ್ಕಾರವಾಯಿತು ಎಂಬ ಪತ್ರವನ್ನು ಕೇಳಿ ಪಡೆಯಿರಿ.

## ಹಂತ 6: ಚಿಕಿತ್ಸೆ ಮುಗಿಯಲಿ ಎಂದು ಕಾಯದೆ ಅರ್ಜಿ ಹಾಕುವುದು

2022ರ ಏಪ್ರಿಲ್ 1ರಿಂದ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ನಿಯಮ ಬಂದಿದೆ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಆದರೂ ಅದನ್ನು ನಂಬಿ ಕೂರಬೇಡಿ. ಎಲ್ಲ ಬಿಲ್ಲು ಸೇರಲಿ, ರಾಡು ತೆಗೆಸಿ ಆಮೇಲೆ ನೋಡೋಣ ಅಂದವರು ತಡಮಾಡಿ ಕೆಟ್ಟಿದ್ದಾರೆ. ಈಗಿರುವ ಬಿಲ್ಲಿನ ಮೇಲೆ ಅರ್ಜಿ ಹಾಕಿ. ಮುಂದೆ ಬರುವ ಬಿಲ್ಲುಗಳನ್ನು ಸಾಕ್ಷ್ಯದ ಹಂತದಲ್ಲಿ ಸೇರಿಸಬಹುದು.

ಎಲ್ಲಿ ಹಾಕಬೇಕು? ಅಪಘಾತ ಆದ ಜಾಗ, ನೀವು ವಾಸಿಸುವ ಅಥವಾ ವ್ಯವಹಾರ ಮಾಡುವ ಊರು, ಎದುರುದಾರ ವಾಸಿಸುವ ಊರು, ಇವುಗಳಲ್ಲಿ ಯಾವುದಾದರೂ ಆಗುತ್ತದೆ. ರಾಮನಗರದ ಹತ್ತಿರ ಗುದ್ದಿಸಿಕೊಂಡ ಮದ್ದೂರಿನವರು ರಾಮನಗರಕ್ಕೆ ಅಲೆಯಬೇಕಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲದ ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದು.

ಪೊಲೀಸರು ಕೂಡ 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 90 ದಿನದೊಳಗೆ ವಿವರವಾದ ವರದಿಯನ್ನು ಟ್ರಿಬ್ಯುನಲ್‌ಗೆ, ಅಂದರೆ ಈ ಕೇಸು ಕೇಳುವ ಕೋರ್ಟಿಗೆ, ಕೊಡಬೇಕು. ಅವರು ಬಿಲ್ಲು ಕೇಳಿದರೆ ಜೆರಾಕ್ಸ್ ಕೊಡಿ, ಅಸಲು ನಿಮ್ಮ ಹತ್ತಿರವೇ ಇರಲಿ.

## ಹಂತ 7: ಮುಂದಿನ ಚಿಕಿತ್ಸೆ ಮತ್ತು ಅಂಗವೈಕಲ್ಯ

ಒಳಗೆ ರಾಡು ಇದ್ದರೆ ಅದನ್ನು ತೆಗೆಸಲು ಎಷ್ಟಾಗುತ್ತದೆ ಎಂದು ಆಪರೇಷನ್ ಮಾಡಿದ ಡಾಕ್ಟರಿಂದಲೇ ಬರೆಸಿಕೊಳ್ಳಿ. ಸಾಕ್ಷ್ಯಕ್ಕೆ ಮುಂಚೆಯೇ ತೆಗೆಸಿದ್ದರೆ ಅಂದಾಜು ಬೇಡ, ನಿಜವಾದ ಬಿಲ್ಲು ಕೊಡಿ. ಮುಂದಿನ ಚಿಕಿತ್ಸೆಯ ಮೊತ್ತಕ್ಕೆ ಸಾಮಾನ್ಯವಾಗಿ ಬಡ್ಡಿ ಕೊಡುವುದಿಲ್ಲ.

ಅಂಗವೈಕಲ್ಯದ ಲೆಕ್ಕ ತಿಳಿದಿರಲಿ, ಯಾಕೆಂದರೆ ದೊಡ್ಡ ಮೊತ್ತ ಬರುವುದು ಬಿಲ್ಲಿಗಿಂತ ಇಲ್ಲಿಂದ. ಡಾಕ್ಟರು ಬಲಗಾಲಿಗೆ 36% ಎಂದರೆ, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ 12% ಎಂದು ಹಿಡಿಯುವುದು ನಮ್ಮಲ್ಲಿ ರೂಢಿ. ವರ್ಷದ ದುಡಿಮೆಯನ್ನು ಎಷ್ಟರಿಂದ ಗುಣಿಸಬೇಕು ಎಂಬುದು ವಯಸ್ಸಿನ ಮೇಲೆ ನಿಂತಿದೆ, ಅದಕ್ಕೆ ಗುಣಕ ಅನ್ನುತ್ತಾರೆ; 34 ವರ್ಷದವರಿಗೆ ಅದು 16. ತಿಂಗಳಿಗೆ 15,000 ದುಡಿಮೆ ಎಂದಿಟ್ಟುಕೊಂಡರೆ 15,000 × 12 ತಿಂಗಳು × 16, ಅದರಲ್ಲಿ 12% ಅಂದರೆ 3,45,600. ಕೆಲಸಕ್ಕೆ ಎಷ್ಟು ಪೆಟ್ಟು ಬಿದ್ದಿದೆ ಎಂಬುದೂ ಮುಖ್ಯ. ಗದ್ದೆಯಲ್ಲಿ ಕಬ್ಬು ಕಡಿಯುವವರಿಗೂ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವರಿಗೂ ಮಂಡಿ ಮಡಚಲು ಬಾರದ ಕಷ್ಟ ಒಂದೇ ಅಲ್ಲ. ಇದನ್ನು ವಕೀಲರಿಗೆ ಬಿಡಿಸಿ ಹೇಳಿ.

ದುಡಿಮೆಯ ಪುರಾವೆಯನ್ನೂ ಇದೇ ಫೈಲಿಗೆ ಸೇರಿಸಿ. ಡೈರಿ ಬಟವಾಡೆ ಬಂದ ಪಾಸ್‌ಬುಕ್ಕು, ಕಾರ್ಖಾನೆಗೆ ಕಬ್ಬು ಹಾಕಿದ ಚೀಟಿ, ಪಹಣಿ, ಸಂಬಳದ ಸ್ಲಿಪ್ಪು, ಯಾವುದಿದ್ದರೆ ಅದು. ಏನೂ ಇಲ್ಲದಿದ್ದರೆ ಕೋರ್ಟು ಅಂದಾಜು ಆದಾಯ ಹಿಡಿಯುತ್ತದೆ.

## ಹಂತ 8: ಸಾಕ್ಷ್ಯದ ದಿನ

ಅಸಲು ಬಿಲ್ಲುಗಳು ಪಟ್ಟಿಯ ಸಮೇತ ಹಾಜರಾಗಬೇಕು. ಒಟ್ಟು ಎಷ್ಟು ಬಿಲ್ಲು, ಒಟ್ಟು ಎಷ್ಟು ಮೊತ್ತ ಎಂಬುದು ನಿಮ್ಮ ಅಫಿಡವಿಟ್‌ಗೂ ಪಟ್ಟಿಗೂ ಹೊಂದಬೇಕು. ಹಿಂದಿನ ರಾತ್ರಿ ಕೂತು ಇನ್ನೊಮ್ಮೆ ಕೂಡಿ ನೋಡಿ. ಟ್ರಿಬ್ಯುನಲ್‌ನಲ್ಲಿ ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ಪುರಾವೆ ಕೇಳುವುದಿಲ್ಲ. ಆದರೆ ದೊಡ್ಡ ಬಿಲ್ಲನ್ನು ವಿಮಾ ಕಂಪನಿ ಒಪ್ಪದಿದ್ದರೆ ಆಸ್ಪತ್ರೆಯ ದಾಖಲೆ ವಿಭಾಗದವರನ್ನು ಕರೆಸಬೇಕಾಗುತ್ತದೆ.

ಅಂಗವೈಕಲ್ಯದ ಸರ್ಟಿಫಿಕೇಟ್ ಸುಮ್ನೆ ಹಾಜರುಪಡಿಸಿದರೆ ಸಾಲದು, ಡಾಕ್ಟರು ಬಂದು ಸಾಕ್ಷಿ ಹೇಳಬೇಕು. ಚಿಕಿತ್ಸೆ ಕೊಟ್ಟ ಡಾಕ್ಟರೇ ಆದರೆ ಬಲ ಜಾಸ್ತಿ. ಸರ್ಟಿಫಿಕೇಟಿಗಾಗಿಯೇ ಒಮ್ಮೆ ನೋಡಿದ ಡಾಕ್ಟರ ಮಾತಿಗೆ ಪಾಟಿ ಸವಾಲಿನಲ್ಲಿ ಪೆಟ್ಟು ಬೀಳುತ್ತದೆ.

## ಎಚ್ಚರಿಕೆಯ ಗುರುತುಗಳು

ಕೋರ್ಟಿಗೆ ಬೇಕು ಅಂತ ಯಾರಾದರೂ ಬಿಲ್ಲು ಮಾಡಿಸಿಕೊಡುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ. ತಿಂಗಳುಗಳ ಅಂತರದ ಬಿಲ್ಲುಗಳಿಗೆ ಒಂದರ ಹಿಂದೆ ಒಂದು ನಂಬರು, ಒಂದೇ ಕೈಬರಹ, ಭಾನುವಾರದ ತಾರೀಖು, ಇವನ್ನೆಲ್ಲ ವಿಮಾ ಕಂಪನಿಯವರು ಹುಡುಕಿಯೇ ಹುಡುಕುತ್ತಾರೆ. ನಕಲಿ ಬಿಲ್ಲು ಒಂದು ಸಿಕ್ಕರೆ ಅಸಲಿ ಬಿಲ್ಲೂ ಮುಳುಗುತ್ತದೆ, ಕ್ರಿಮಿನಲ್ ಕೇಸೂ ಆಗಬಹುದು.

ಅಸಲು ಬಿಲ್ಲು ಕೊಡಿ, ಕಂಪನಿಯಿಂದ ಮಾತಾಡಿ ಕೊಡಿಸುತ್ತೇನೆ ಎಂದು ಆಸ್ಪತ್ರೆಯ ಬಾಗಿಲಲ್ಲೇ ಸಿಗುವವರಿಗೆ ಏನೂ ಕೊಡಬೇಡಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ.

ಇನ್ನೂ ಚಿಕಿತ್ಸೆ ನಡೆಯುತ್ತಿರುವಾಗಲೇ ರಾಜಿಗೆ ಅವಸರ ಮಾಡಿದರೆ ನಿಲ್ಲಿ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಮೇಲ್ಮನವಿ ಇಲ್ಲ. ಆರು ತಿಂಗಳ ನಂತರ ಎರಡನೇ ಆಪರೇಷನ್ ಬಂದರೆ ಆ ಬಿಲ್ಲು ನಿಮ್ಮ ತಲೆಗೇ. ಚಿಕಿತ್ಸೆ ಒಂದು ಹಂತಕ್ಕೆ ಬಂದು, ವೈಕಲ್ಯ ಎಷ್ಟು ಅಂತ ಗೊತ್ತಾದ ಮೇಲೆ ಅದಾಲತ್ ಒಳ್ಳೆಯ ದಾರಿಯೇ.

ನಿಮ್ಮದೂ ತಪ್ಪಿದೆ ಎಂದು ತೀರ್ಮಾನವಾದರೆ ಒಟ್ಟು ಪರಿಹಾರದಲ್ಲಿ ಅಷ್ಟು ಪಾಲು ಕಡಿತವಾಗುತ್ತದೆ, ಬಿಲ್ಲಿನ ಹಣವೂ ಸೇರಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿಗೆ ಪ್ರವೇಶ ಇಲ್ಲ. ಅಲ್ಲಿ ಬೈಕಿನಲ್ಲಿ ಹೋಗಿ ಪೆಟ್ಟು ತಿಂದರೆ ಈ ವಾದ ಬಂದೇ ಬರುತ್ತದೆ. ವಕೀಲರಿಗೆ ಮೊದಲೇ ನಿಜ ಹೇಳಿ.

## ಹಂತ 9: ತೀರ್ಪು ಕೈಗೆ ಬಂದಾಗ

ಒಟ್ಟು ಮೊತ್ತ ಮಾತ್ರ ನೋಡಿ ಮಡಚಿಡಬೇಡಿ. ಚಿಕಿತ್ಸಾ ವೆಚ್ಚದ ಪ್ಯಾರಾ ಹುಡುಕಿ, ನಿಮ್ಮ ಪಟ್ಟಿಯ ಜೊತೆ ಇಟ್ಟು ಯಾವ ಬಿಲ್ಲು ಬಿಟ್ಟಿದ್ದಾರೆ, ಯಾಕೆ ಬಿಟ್ಟಿದ್ದಾರೆ ಎಂದು ಓದಿಸಿಕೊಳ್ಳಿ. ಕೂಡುವಾಗ ತಪ್ಪಾಗಿದ್ದರೆ ಅದೇ ಕೋರ್ಟಿನಲ್ಲಿ ತಿದ್ದಿಸಲು ಅರ್ಜಿ ಹಾಕಬಹುದು. ಸರಿಯಾದ ಬಿಲ್ಲನ್ನೇ ಒಪ್ಪದಿದ್ದರೆ ತೀರ್ಪಿನ ದಿನದಿಂದ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆ ಇದ್ದರೆ ಮೇಲ್ಮನವಿಗೆ ಅವಕಾಶ ಇಲ್ಲ. ಬಡ್ಡಿ ನಮ್ಮಲ್ಲಿ ಹೆಚ್ಚಾಗಿ ವರ್ಷಕ್ಕೆ 6%, ಅರ್ಜಿ ಹಾಕಿದ ದಿನದಿಂದ ಲೆಕ್ಕ. ಹಣ ಪೂರ್ತಿ ಖಾತೆಗೆ ಬರುವವರೆಗೂ ಬಿಲ್ಲುಗಳ ಜೆರಾಕ್ಸ್ ಸೆಟ್ಟನ್ನು ಮನೆಯಲ್ಲಿ ಇಟ್ಟಿರಿ.